ಪ್ರತಿ ತಿರುವಿಗೂ ಒಂದು ಸಲ

ಜರ್ಮನಿಯಲ್ಲಿ ಕೆಲಸ ಬಿಡುವವರಿಗೆ ಕಂಪನಿ ಒಂದು ತ್ಸೋಯ್ಗ್‌ನಿಸ್ ಕೊಡಬೇಕು. ಕೆಲಸ, ನಡತೆ ಹೇಗಿತ್ತೆಂದು ಹೇಳುವ ಪ್ರಮಾಣಪತ್ರ. ಓದಲು ಅದು ಸನ್ಮಾನಪತ್ರದಂತೆಯೇ ಇರುತ್ತದೆ, ದೂರುಗಳೂ ಹೊಗಳಿಕೆಯ ಮಾತಿನಲ್ಲೇ. ನನ್ನದರಲ್ಲಿ, ಚರ್ಚೆಗಳಲ್ಲಿ ಬಹಳ ಉತ್ಸಾಹದಿಂದ ಭಾಗವಹಿಸುತ್ತಿದ್ದರು ಎಂದು ಬರೆದಿದ್ದರು. ಇವಳ ಜೊತೆ ಮೀಟಿಂಗಿಗೆ ಕೂರಬೇಡಿ ಅಂತ ಮುಂದಿನ ಕಂಪನಿಗೆ ಕೊಟ್ಟ ಎಚ್ಚರಿಕೆ ಅದು ಎಂದು ಗೆಳತಿಯೊಬ್ಬಳು ಹೇಳಿದಳು. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದವಳು ನಾನು. ಪತ್ರದ ಮೇಲೆ ಪತ್ರ ಬರೆದು, ಆ ಸಾಲಿಗೆ ಆಧಾರ ಕೇಳಿ ಕೇಳಿ, ಕೊನೆಗೆ ಅವರೇ ಬೇಸತ್ತು ತೆಗೆಯುವಂತೆ ಮಾಡಿದೆ. ಉತ್ಸಾಹದ ಬಗ್ಗೆ ಅವರು ಬರೆದದ್ದು ನಿಜವೇ ಎಂದು ಅದರಿಂದ ಸಾಬೀತಾಯಿತು ಅನ್ನುವುದು ಬೇರೆ ಮಾತು.

ಈ ಯುದ್ಧವನ್ನೆಲ್ಲ ನನ್ನ ಡ್ಯೂಸೆಲ್ಡಾರ್ಫ್ ಮನೆಯ ಅಡುಗೆಮನೆಯಲ್ಲಿ ಕೂತು ನೋಡುತ್ತಿದ್ದವರು ಅಜ್ಜ. ಅಜ್ಜಿಯ ಜೊತೆ ಹಾಸನದಿಂದ ಮೂರು ತಿಂಗಳ ವೀಸಾದಲ್ಲಿ ಬಂದಿದ್ದರು. ನಾನು ಲ್ಯಾಪ್‌ಟಾಪ್ ಮುಚ್ಚಿದ ಕೂಡಲೇ ಅಂದರು, “ನಿಂದು ಸರಿ ಮಾಡಿಸ್ಕೊಂಡ್ಯಲ್ಲ ಲಾಯರಮ್ಮ, ನಂದೂ ಒಂದಿದೆ.”

ಅಜ್ಜ ಸೈನ್ಯದಲ್ಲಿ ಲಾರಿ ಡ್ರೈವರಾಗಿದ್ದವರು. ನಿವೃತ್ತಿಯಾದಾಗ ಕೊಟ್ಟ ಡಿಸ್ಚಾರ್ಜ್ ಪುಸ್ತಕದಲ್ಲಿ ನಡತೆ ‘ಗುಡ್’ ಎಂದಿದೆ. ಹೊರಗಿನವರಿಗೆ ಅದರಲ್ಲಿ ತಪ್ಪೇನೂ ಕಾಣುವುದಿಲ್ಲ. ಆದರೆ ಮೇಲಿರುವುದು ‘ಎಕ್ಸೆಂಪ್ಲರಿ’, ಆಮೇಲೆ ‘ವೆರಿ ಗುಡ್’, ಅದಾದ ಮೇಲೆ ನಮ್ಮಜ್ಜ. ಈ ಲೆಕ್ಕ ಹೇಗೋ ಅಜ್ಜಿಗೂ ತಿಳಿದುಹೋಗಿತ್ತು. ಸಾರಿಗೆ ಉಪ್ಪು ಕಡಿಮೆ ಅಂತ ಅಜ್ಜ ಬಾಯಿಬಿಟ್ಟರೆ ಸಾಕು, “ಸುಮ್ನೆ ಊಟ ಮಾಡಿ. ನಿಮ್ಮ ಗುಣ ಎಂಥದ್ದು ಅಂತ ಸರ್ಕಾರವೇ ಬರ್ಕೊಟ್ಟಿದೆ” ಎನ್ನುವರು.

ಪ್ರಮಾಣಪತ್ರಗಳ ಮೇಲೆ ನನಗೆ ನಂಬಿಕೆ ಕಡಿಮೆ. ಈ ವಯಸ್ಸಿನಲ್ಲಿ ಅದನ್ನು ಯಾರು ನೋಡುತ್ತಾರೆ ಎಂದು ಕೇಳಿದೆ.

“ನಾನು ಹೋದ್ಮೇಲೆ ನನ್ನ ಪರವಾಗಿ ಮಾತಾಡೋಕೆ ಉಳಿಯೋದು ಅದೊಂದೇ ಕಣಮ್ಮ,” ಎಂದರು. “ಅದೂ ಅಜ್ಜಿ ಕಡೇನೇ ಮಾತಾಡಿದ್ರೆ ಹೆಂಗೆ?”

ಸರಿ, ಕೇಸು ತೆಗೆದುಕೊಂಡೆ. ಮೊದಲು ಎದುರಾಳಿಯ ವಾದ ಏನೆಂದು ತಿಳಿಯಬೇಕು ಎನ್ನುವುದು ನಮ್ಮ ಪಾಠ. ಹಾಗಾಗಿ ಅಜ್ಜನನ್ನು ಡೈನಿಂಗ್ ಟೇಬಲ್ಲಿನ ಆಚೆ ಕೂರಿಸಿ, ನಾನೇ ಸೈನ್ಯವಾದೆ. ಅವರು ಹೇಳಿದ ಕತೆ ಇಷ್ಟು: ಬೆಟ್ಟದ ದಾರಿಯಲ್ಲಿ ಎಂಜಿನ್ ಕಾದಿತ್ತು. ನಿಲ್ಲಿಸಿ ತಣಿಯಲು ಬಿಡೋಣ ಎಂದರು ಅಜ್ಜ. ಪಕ್ಕದಲ್ಲಿದ್ದ ಕ್ಯಾಪ್ಟನ್ ಸಾಹೇಬರು ಹತ್ತಿಸು ಎಂದರು. ಅಜ್ಜ ಹತ್ತಿಸಿದರು. ಎಂಜಿನ್ ಜಾಮ್ ಆಯಿತು. ಇಬ್ಬರೂ ಕ್ಯಾಂಪಿಗೆ ನಡೆದುಕೊಂಡು ಹೋದರು. ಅಜ್ಜನಿಗೆ ಶಿಕ್ಷೆಯಾಗಿ, ದಾಖಲೆಯಲ್ಲಿ ಕೆಂಪು ಶಾಯಿ ಬಿತ್ತು; ನಡತೆ ‘ಗುಡ್’ಗೆ ಇಳಿದದ್ದು ಅದರಿಂದಲೇ.

ಅನ್ಯಾಯ ಕಣ್ಣಿಗೆ ಹೊಡೆಯುವಂತಿತ್ತು. ಆದರೆ ಇಷ್ಟು ಚೆಂದದ ಕೇಸು ಕಂಡಾಗಲೇ ನನಗೆ ಅನುಮಾನ. ನಡೆಯುವಾಗ ಏನಾದರೂ ಮಾತಾಡಿದಿರಾ ಎಂದೆ. ಅಜ್ಜ ನೀರು ಕುಡಿದರು.

“ಮೈನೆ ಬೋಲಾ ಥಾ ಸಾಬ್, ಅಂದೆ. ನಾನ್ ಹೇಳ್ಲಿಲ್ವಾ ಅಂತ.”

“ಎಷ್ಟು ಸಲ?”

“ಅಂಥದ್ದೇನಿಲ್ಲ. ತಿರುವು ಬಂದಾಗ ಅಂದೆ.”

“ಯಾವ ತಿರುವು?”

“ಘಾಟಿ ಅಲ್ವೇನಮ್ಮ, ತಿರುವು ಬರ್ತಾನೇ ಇರುತ್ತೆ,” ಎಂದರು. “ಪ್ರತಿ ತಿರುವಿಗೂ ಒಂದು ಸಲ.”

ಒಲೆಯ ಮುಂದಿದ್ದ ಅಜ್ಜಿ ತಿರುಗಿ ನೋಡಲೂ ಇಲ್ಲ. ಇಷ್ಟು ವರ್ಷದ ಸಂಸಾರದಲ್ಲಿ ಆ ತಿರುವುಗಳನ್ನೆಲ್ಲ ಅವರೂ ಹತ್ತಿಳಿದವರೇ.

ಹಾಸನದಲ್ಲಿ ಮಾಜಿ ಸೈನಿಕರ ಅರ್ಜಿ ಬರೆದುಕೊಡುವ ಒಬ್ಬರಿಗೆ ಫೋನ್ ಮಾಡಿದೆ. ಇಷ್ಟು ಹಳೆಯದು ಬದಲಾಗುವುದು ಕಷ್ಟ, ಆದರೂ ‘ವಿಷಾದಿಸುತ್ತೇನೆ’ ಎಂದು ಒಂದು ಸಾಲು ಸೇರಿಸಿ ಹಾಕಿ ನೋಡಿ ಎಂದರು. ಅಜ್ಜ ಒಪ್ಪಲಿಲ್ಲ. ಎಂಜಿನ್ ಜಾಮ್ ಆಗಿದ್ದು ಸುಳ್ಳೇ ಎಂದು ಕೇಳಿದರು. ನನಗೂ ಅದೇ ಸರಿ ಕಂಡಿತು. ಗೆಲ್ಲುವ ವಾದವನ್ನು ಯಾರಾದರೂ ಬಿಟ್ಟುಕೊಡುತ್ತಾರೆಯೇ? ಇಬ್ಬರು ಹಟಮಾರಿಗಳ ನಡುವೆ ಅರ್ಜಿ ಒಂದೇ ಸಾಲಿಗಾಗಿ ನಿಂತುಹೋಯಿತು.

ಅಷ್ಟರಲ್ಲಿ ಆಗಸ್ಟ್ ಬಂತು. ಇಲ್ಲಿನ ನಮ್ಮ ಕನ್ನಡಿಗರು ಸ್ವಾತಂತ್ರ್ಯ ದಿನವನ್ನು ಎಲ್ಲರಿಗೂ ರಜೆ ಇರುವ ಭಾನುವಾರಕ್ಕೆ ಹಾಕಿಕೊಂಡಿದ್ದರು. ಧ್ವಜ ಹಾರಿಸಲು ಅಜ್ಜನನ್ನು ಕರೆದರು. ಪುಸ್ತಕ ಸರಿಯಾಗುವ ತನಕ ಹಗ್ಗ ಮುಟ್ಟುವುದಿಲ್ಲ ಎಂದು ಅಜ್ಜ ಹಟ ಹಿಡಿದರು. ನಿಮ್ಮ ಪುಸ್ತಕ ನೋಡಿಕೊಂಡು ಬಾವುಟ ಮೇಲೇರುವುದಿಲ್ಲ, ಇಸ್ತ್ರಿ ಮಾಡಿದ್ದೇನೆ, ಷರ್ಟ್ ಹಾಕಿಕೊಳ್ಳಿ ಎಂದರು ಅಜ್ಜಿ.

ಕ್ರೀಡಾ ಕ್ಲಬ್ಬಿನ ಹುಲ್ಲಿನ ಮೇಲೆ ಕಂಬ ನೆಟ್ಟಿದ್ದರು. ಕಾರ್ಯಕ್ರಮ ನಡೆಸುತ್ತಿದ್ದವನು ಮೈಸೂರಿನ ಸಾಫ್ಟ್‌ವೇರ್ ಹುಡುಗ. ಹೂವಿನ ಪಕಳೆ ತುಂಬಿ ಬಾವುಟ ಕಟ್ಟಿದವನೂ ಅವನೇ. ಅಜ್ಜ ಗಂಟನ್ನು ಮುಟ್ಟಿ ನೋಡಿ, ಇದು ಬಿಚ್ಚುವುದಿಲ್ಲ ಎಂದರು. ಬಿಚ್ಚುತ್ತೆ ಅಂಕಲ್ ಎಂದ ಅವನು. ಸೈನ್ಯದಲ್ಲಿ ಇದಕ್ಕಿಂತ ಒಳ್ಳೆ ಗಂಟೂ ಸಿಕ್ಕಿಹಾಕಿಕೊಂಡದ್ದು ನೋಡಿದ್ದೇನೆ ಎಂದರು ಅಜ್ಜ. ಮೈಕು ಆನ್ ಆಗಿತ್ತು, ಎಲ್ಲರೂ ಕೇಳಿಸಿಕೊಂಡರು. ಅಜ್ಜ ಸೆಟೆದು ನಿಂತು, ಬಿಚ್ಚುವುದಿಲ್ಲ ಎಂಬ ಪೂರ್ಣ ವಿಶ್ವಾಸದಿಂದ ಹಗ್ಗ ಜಗ್ಗಿದರು.

ಬಾವುಟ ಒಂದೇ ಏಟಿಗೆ ಬಿಚ್ಚಿಕೊಂಡಿತು. ಪಕಳೆಗಳೆಲ್ಲ ಅಜ್ಜನ ತಲೆಯ ಮೇಲೆ ಬಿದ್ದವು.

ಜನಗಣಮನ ಮುಗಿದದ್ದೇ ತಡ, ಹುಡುಗ ಮೈಕಿನಲ್ಲೇ ಅಂದ, “ನಾನ್ ಹೇಳ್ಲಿಲ್ವಾ ಅಂಕಲ್?”

ಜನ ನಕ್ಕರು. ಅಜ್ಜನ ಕಿವಿ ಕೆಂಪಾದವು. ಹಿಂದಿನ ಸಾಲಿನಿಂದ ಅಜ್ಜಿ ಎದ್ದು ನಿಂತರು. “ಗಾಳಿ ಬೀಸ್ತು ಕಣಪ್ಪ, ಅದಕ್ಕೆ ಬಿಚ್ಕೊಳ್ತು. ಇವರು ಹೇಳಿದ್ದೇ ಸರಿ,” ಎಂದರು. ಒಂದೆಲೆಯೂ ಅಲುಗಾಡುತ್ತಿರಲಿಲ್ಲ. ನಾನು ತೀರ್ಪುಗಾರಳಾಗಿದ್ದರೆ ಸೊನ್ನೆ ಅಂಕ ಕೊಡಬೇಕಾದ ವಾದ. ಅಜ್ಜ ಮಾತ್ರ ಅಜ್ಜಿಯನ್ನು ಹೊಸಬರನ್ನು ನೋಡುವಂತೆ ನೋಡುತ್ತ ನಿಂತರು.

ಮನೆಗೆ ವಾಪಸ್ಸು ಬರುವಾಗ ಟ್ರಾಮಿನಲ್ಲಿ ಅಜ್ಜ ಕಿಟಕಿಯ ಪಕ್ಕ ಕೂತರು. ಅಂಗಿಯ ಜೇಬಿನಿಂದ ಒಂದು ಪಕಳೆ ತೆಗೆದು ಕೈಯಲ್ಲಿ ಹೊರಳಿಸುತ್ತಿದ್ದರು. ಆಮೇಲೆ ಮೆಲ್ಲಗೆ ಕೇಳಿದರು:

“ಆ ಹುಡ್ಗ ಒಂದೇ ಸಲ ಅಂದಿದ್ದು, ಅಲ್ವಾ?”

“ಹೂಂ ಅಜ್ಜ, ಒಂದೇ ಸಲ.”

“ಒಂದಕ್ಕೇ ಹಿಂಗಾಯ್ತು,” ಎಂದರು. ಟ್ರಾಮು ಒಂದು ತಿರುವಿನಲ್ಲಿ ಕಿರುಗುಟ್ಟಿತು. “ಸಾಹೇಬ್ರು ಪಾಪ, ಕ್ಯಾಂಪ್ ತನಕ ನಡೆದ್ರು.”

ಮನೆಗೆ ಬಂದ ಕೂಡಲೇ ಬರಿ ಎಂದರು. ಚರ್ಚಾಸ್ಪರ್ಧೆಯಲ್ಲಿ ವಿಷಯಕ್ಕೆ ಒಂದು ಅಂಕ, ಮಂಡನೆಗೆ ಇನ್ನೊಂದು. ಅದೇ ದಾರಿ ಹಿಡಿದೆ. ಎಂಜಿನ್ನಿನ ವಿಷಯದಲ್ಲಿ ಒಂದಿಂಚೂ ಬಿಟ್ಟುಕೊಡದೆ, ಅದನ್ನು ಹೇಳಿದ ರೀತಿಗೆ, ವಿಶೇಷವಾಗಿ ಎರಡನೆಯ ತಿರುವಿನಿಂದಾಚೆಗೆ, ವಿಷಾದಿಸುತ್ತೇನೆ ಎಂದು ಬರೆದೆ. ಮೊದಲ ತಿರುವನ್ನು ಯಾಕೆ ಬಿಟ್ಟೆ ಎಂದು ಅಜ್ಜಿ ಕೇಳಿದರು. ಅದೊಂದು ನ್ಯಾಯವಾಗಿ ಅಜ್ಜನಿಗೆ ಸೇರಬೇಕಾದ್ದು ಎಂದೆ. ಅಜ್ಜ ಸಹಿ ಹಾಕಿದರು.

ಅವರು ಹಾಸನಕ್ಕೆ ಮರಳಿದ ಮೇಲೆ ಸೈನ್ಯದ ರೆಕಾರ್ಡ್ ಆಫೀಸಿನಿಂದ ಉತ್ತರ ಬಂತು: ಅರ್ಜಿ ಪರಿಶೀಲನೆಯಲ್ಲಿದೆ. ಅಷ್ಟೇ. ಮೊನ್ನೆ ವಿಡಿಯೋ ಕಾಲಿನಲ್ಲಿ ಅಜ್ಜ ಸಾರಿಗೆ ಉಪ್ಪು ಕಡಿಮೆ ಎಂದದ್ದು ಕೇಳಿಸಿತು. ಹಳೆಯ ಉತ್ತರಕ್ಕಾಗಿ ನಾನು ಕಾದೆ. ಅಜ್ಜಿ ಉಪ್ಪಿನ ಡಬ್ಬಿಯನ್ನು ಅಜ್ಜನ ಕಡೆ ಸರಿಸಿದರು.

“ಹಾಕ್ಕೊಳ್ಳಿ,” ಎಂದರು. “ನಿಮ್ಮ ಗುಣ ಇನ್ನೂ ಪರಿಶೀಲನೆಯಲ್ಲಿದೆ. ನಾನೇನೂ ಹೇಳೋ ಹಂಗಿಲ್ಲ.”