ಮೆಟ್ಟಿಲ ಕೆಳಗೆ ನನ್ನನ್ನು ಕೂರಿಸಿದ ನೀಲಾ ಮೇಡಂ

ಮುರಿದ ಮೂಳೆ ಕೂಡಿದ ಮೇಲೂ ಕಾಲಿಗೆ ಬಲ ಬರಲು ದುಡಿಯಲೇಬೇಕೆಂಬುದನ್ನು ಅಹಮದಾಬಾದ್, ವಡೋದರಾ, ಸೂರತ್ ಮೂರೂ ಊರುಗಳ ರೋಗಿಗಳಿಗೆ ಬಿಡದೆ ಕಲಿಸಿದ ಫಿಸಿಯೋಥೆರಪಿಸ್ಟ್ ಶ್ರೀಮತಿ ನೀಲಾ ಉಮಾಕಾಂತ ಅವರು ಈಗ ನಿವೃತ್ತರಾಗಿದ್ದಾರೆ. ಅವರ ವಿದ್ಯೆಯ ಬಗ್ಗೆ ಈ ಅಭಿನಂದನಾ ಸಂಪುಟದಲ್ಲಿ ತಿಳಿದವರು ಬರೆದಿರುತ್ತಾರೆ. ಸೂರತ್ತಿನ ಉಧ್ನಾದಲ್ಲಿ ಸಣ್ಣ ಉಡುಪಿ ಹೋಟೆಲು ನಡೆಸುವ ಮನೆಯವಳಾದ ನಾನು, ಸಾಂಬಾರಿನ ಬೇಳೆ ಬೇಯುವಷ್ಟರಲ್ಲಿ, ತಾಯಿಯಾಗಿ ಕಂಡದ್ದನ್ನಷ್ಟೇ ಬರೆಯುತ್ತೇನೆ.

ಹೋದ ಮಳೆಗಾಲದ ಕೊನೆಯಲ್ಲಿ, ರಜೆಗೆ ಬಂದಿದ್ದ ಮಗಳು ರಶ್ಮಿ ಸ್ಕೂಟರಿನಿಂದ ಬಿದ್ದು ಬಲಗಾಲು ಮುರಿದುಕೊಂಡಳು. ದೀಪಾವಳಿ ಕಳೆದು ಪ್ಲಾಸ್ಟರ್ ಬಿಚ್ಚಿದಾಗ ಆ ತೊಡೆ ಬಡಕಲಾಗಿ ಬೇರೆ ಯಾರದೋ ಎಂಬಂತೆ ಕಂಡಿತು. ಅವಳು ಓದುವುದು ವಡೋದರಾದಲ್ಲಿ. ಹಾಸ್ಟೆಲ್ ಕೋಣೆ ಮೂರನೆಯ ಮಹಡಿ, ಲಿಫ್ಟ್ ಇಲ್ಲ. ಉತ್ತರಾಯಣದ, ಅಂದರೆ ಇಲ್ಲಿನ ಸಂಕ್ರಾಂತಿಯ, ನಂತರ ಹಿಂತಿರುಗದಿದ್ದರೆ ವರ್ಷವೇ ಕೈತಪ್ಪುತ್ತಿತ್ತು. ನಮ್ಮ ಯಜಮಾನರು, ಓದು ಸಾಕು, ಗಲ್ಲಾದಲ್ಲಿ ಕೂರಲಿ ಎಂದರು. ನಾನು ದಿನವೂ ಕಾಲಿಗೆ ಎಳ್ಳೆಣ್ಣೆ ತಿಕ್ಕುತ್ತಿದ್ದೆ.

"ಎಣ್ಣೆ ಹಾಕಿದ್ರೆ ದೋಸೆ ಏಳತ್ತಮ್ಮ, ತೊಡೆ ಏಳಲ್ಲ" ಎಂದರು, ಆಸ್ಪತ್ರೆಯಲ್ಲಿ ಅವಳ ಕಾಲು ನೋಡಿದ ನೀಲಾ ಮೇಡಂ.

ಸುತ್ತಿದ ಟವೆಲನ್ನು ಮೊಣಕಾಲಡಿ ಇಟ್ಟು ಒತ್ತುವುದರಿಂದ ಆರಂಭಿಸಿ, ಕಾಲನ್ನು ನೇರವಾಗಿ ಎತ್ತಿ ಹಿಡಿಯುವುದನ್ನೂ ಕೈಯೂರದೆ ಕುರ್ಚಿಯಿಂದ ಏಳುವುದನ್ನೂ ಅವರು ಕಲಿಸಿದರು. ನಮ್ಮ ಹೋಟೆಲಿನಲ್ಲಿ ಗಿರಾಕಿಗಳು ಕಡಿಮೆಯಾಗುವ ಹೊತ್ತು ತಿಳಿದು, ತಮ್ಮ ಊಟದ ವೇಳೆಯನ್ನೇ ನಮಗೆ ಕೊಟ್ಟರು.

ಆಸ್ಪತ್ರೆಯ ಮೆಟ್ಟಿಲು ಹತ್ತಿಸುವ ದಿನ ಬಂದಾಗ ಮಗಳ ಮೊಣಕೈ ನನ್ನ ಕೈಯಲ್ಲೇ ಇತ್ತು. ಮೇಡಂ ಅದನ್ನು ಬಿಡಿಸಿ, ನನ್ನನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿ, ತಾವು ಮನೆಗೆ ಕೊಂಡಿದ್ದ ಪಾಪ್ಡಿ ಅವರೆಯ ಚೀಲವನ್ನು ಮಡಿಲಿಗೆ ಹಾಕಿ, ಕಾಳು ಬಿಡಿಸುತ್ತಿರಿ ಎಂದರು. ಅರ್ಧ ಹತ್ತಿದ ರಶ್ಮಿಯ ಕಾಲು ಗಡಗಡ ನಡುಗಿತು. ನಾನು ಎದ್ದೆ, ಅವರೆ ಚೆಲ್ಲಿತು.

"ಕೂತ್ಕೊಳ್ಳಿ. ಅವಳ ಹಿಂದೇನೇ ಇದೀನಿ. ಬಿದ್ರೆ ಹಿಡೀತೀನಿ, ನಡುಗಿದ್ರೆ ಹಿಡಿಯಲ್ಲ."

"ಬೇಸ್ ನೆ ಮಮ್ಮಿ" ಎಂದು ಮಗಳೂ ಗುಜರಾತಿಯಲ್ಲಿ ಕೂತ್ಕೋ ಅಂತ ಗದರಿದಳು. "ನೀ ಹಾಗೆ ನೋಡಿದ್ರೆ ನಂಗೆ ಅಳು ಬರ್ತದೆ."

ಗೋಡೆಯ ಕಡೆ ತಿರುಗಿ ಕೂತೆ. ಕಂಬಿ ಕಿರುಗುಟ್ಟುವುದೂ, ಉಸಿರು ಎಳೆಯುವುದೂ, ಕೊನೆಗೆ ಮೇಲಿನಿಂದ ಅವಳ ನಗುವೂ ಕೇಳಿಸಿತು. ಆಮೇಲೆ ಮೇಡಂ ನನ್ನ ಪಕ್ಕ ಕೂತು ಚೆಲ್ಲಿದ್ದನ್ನು ಹೆಕ್ಕುತ್ತಾ, ಹಿಡಿಯಬೇಕೆಂದು ತಮ್ಮ ಕೈಯೂ ತುರಿಸುತ್ತದೆ, ಇಷ್ಟು ವರ್ಷದ ಮೇಲೂ ಎಂದರು.

ಉತ್ತರಾಯಣದ ಮರುವಾರ ವಡೋದರಾಕ್ಕೆ ಜೊತೆಗೆ ಹೋದೆ. ತನ್ನ ಚೀಲ ತಾನೇ ಹೊತ್ತು, ನಿಂತು ನಿಂತು ಹತ್ತಿದ ರಶ್ಮಿ ಮೂರನೆಯ ಮಹಡಿಯಿಂದ ಬಗ್ಗಿ, ಇನ್ನು ನೀನು ಹೊರಡು, ರೈಲು ತಪ್ಪುತ್ತದೆ ಎಂದಳು. ನಾನು ಹೊರಟೆ.

ನೀಲಾ ಮೇಡಂ ಇನ್ನು ಸೂರತ್ತಿನ ವರಾಛಾದ ತಮ್ಮ ಮನೆಯಲ್ಲೇ ವ್ಯಾಯಾಮ ಕಲಿಸುವರಂತೆ. ದೇವರು ಅವರಿಗೆ ನೂರು ವರ್ಷದ ಆಯುಸ್ಸನ್ನೂ, ನಮ್ಮಂಥ ತಾಯಂದಿರನ್ನು ಗದರಿಸಿ ಕೂರಿಸುವ ಅದೇ ಗಟ್ಟಿ ದನಿಯನ್ನೂ ಕೊಡಲಿ.