ಲಿನಕ್ಸ್ ಮಾವನ ಕೈಗುಣ

ನಮ್ಮ ಬೀದಿಯ ಲಿನಕ್ಸ್ ಮಾವನಿಗೆ ಹಳೆಯ ಕಂಪ್ಯೂಟರ್ ಕಂಡರೆ ಸಾಕು, ಹತ್ತಿಗಿಂತ ಹಗುರವಾದ ಲಿನಕ್ಸ್ ಎಂಬ ಪುಕ್ಕಟೆ ಸಾಫ್ಟ್‌ವೇರ್ ತುಂಬಿ ಎಬ್ಬಿಸಿ ಕೂರಿಸುತ್ತಾರೆ. ಬಿಟ್ಟರೆ ಇಸ್ತ್ರಿಪೆಟ್ಟಿಗೆಗೂ ಹಾಕಿಯಾರು. ಅವರು ಮುಟ್ಟಿದ ಯಂತ್ರ ಕುದುರೆಯಂತೆ ಓಡುತ್ತದೆ, ಪ್ರಿಂಟರ್ ಮಾತ್ರ ಸತ್ತಿರುತ್ತದೆ. ಪ್ರಿಂಟರ್‌ಗೆಂದು ಆಡ್-ಆನ್ ಎಂಬ ಬಾಲಂಗೋಚಿ ಸಾಫ್ಟ್‌ವೇರ್ ಹಾಕಿದರೆ ವೈಫೈ ಮುನಿಸಿಕೊಳ್ಳುತ್ತದೆ, ವೈಫೈಯನ್ನು ಒಲಿಸಿದರೆ ಸ್ಪೀಕರ್ ಮೌನವ್ರತ ಹಿಡಿಯುತ್ತದೆ. ‘ಸಾಫ್ಟ್‌ವೇರಲ್ಲಿ ತಪ್ಪಿಲ್ಲ ಕಣ್ರೀ, ನಿಮ್ಮ ಹಾರ್ಡ್‌ವೇರಿಗೇ ಸಂಸ್ಕಾರ ಸಾಲದು’ ಎಂದು ನಮ್ಮನ್ನೇ ಗದರುತ್ತಾರೆ. ಅವರ ಮನೆಯಲ್ಲೂ ಒಂದು ಮುದಿ ಲ್ಯಾಪ್‌ಟಾಪ್ ಇದೆ. ಕಣ್ಣು ಕಾಣದ ಅವರ ಹೆಂಡತಿಗೆ ದಿನವೂ ಪತ್ರಿಕೆ ಓದಿ ಹೇಳುತ್ತದೆ. ಅದಕ್ಕೂ ಒಂದು ಹೊಸ ಆಡ್-ಆನ್ ಹಾಕಬಾರದೇ ಎಂದು ಕೇಳಿದೆ. ಮಾವ ಹೆಂಡತಿಯ ಕಡೆ ನೋಡಿ, ದನಿ ತಗ್ಗಿಸಿ, ‘ಸುಮ್ನಿರ್ರೀ, ಅದು ಮಾತಾಡ್ತಾ ಇದೆ. ನನ್ನ ಕೈಗುಣ ನನಗೆ ಗೊತ್ತಿಲ್ವಾ?’ ಎಂದರು.