ನೆಲ್ಲಿಕಾಯಿ ಚೂರು ಕರಗುವ ತನಕ

ಅಂಧೇರಿಯ ಕನ್ನಡ ಬಳಗದಲ್ಲಿ ನಾರಾಯಣಸ್ವಾಮಿ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ನಾಣಿ ಎಂದರೆ ಎಲ್ಲರೂ ಒಮ್ಮೆ ಗಡಿಯಾರ ನೋಡಿಕೊಳ್ಳುತ್ತಾರೆ. ವಿಮಾ ಕಂಪನಿಯಲ್ಲಿ ಅಧಿಕಾರಿಯಾಗಿದ್ದು ನಿವೃತ್ತರಾದ ಮೈಸೂರಿನ ಈ ಮನುಷ್ಯನಿಗೆ ದೇವರು ಒಳ್ಳೆಯ ಕಂಠ, ಒಳ್ಳೆಯ ನೆನಪು, ಒಳ್ಳೆಯ ಮನಸ್ಸು ಮೂರನ್ನೂ ಕೊಟ್ಟು, ಕಿವಿಗಳನ್ನು ಮಾತ್ರ ಕನ್ನಡಕ ನಿಲ್ಲಲಿ ಎಂದು ಇಟ್ಟಿದ್ದ.

ಎದುರಿನವರು ಅರ್ಧ ಮಾತಾಡುವಷ್ಟರಲ್ಲಿ "ಗೊತ್ತಾಯ್ತು ಬಿಡಿ" ಎಂದು ಉಳಿದರ್ಧವನ್ನು ತಾವೇ ಮುಗಿಸಿಕೊಡುವುದು ನಾಣಿಯವರ ಪರೋಪಕಾರ. ಒಮ್ಮೆ ರಿಕ್ಷಾದವನು "ಸಾಬ್, ಆಗೇ..." ಎಂದು ಬಾಯಿ ತೆರೆದಾಗ "ಮಾಲೂಮ್ ಹೈ, ಚಲೋ" ಎಂದುಬಿಟ್ಟಿದ್ದರು. ಮುಂದೆ ಮೆಟ್ರೋಗೆಂದು ರಸ್ತೆ ಅಗೆದಿತ್ತು. ಗುಂಡಿಯ ಅಂಚಿನಿಂದ ಇಬ್ಬರೂ ಸೇರಿ ರಿಕ್ಷಾವನ್ನು ಹಿಂದಕ್ಕೆ ತಳ್ಳಬೇಕಾಯಿತು. ತಳ್ಳುವಾಗಲೂ ನಾಣಿಯವರು ನಗರ ಯೋಜನೆಯ ಬಗ್ಗೆ ಮಾತಾಡುತ್ತಿದ್ದರು.

ಅವರ ಹೆಂಡತಿ ಸುಬ್ಬಲಕ್ಷ್ಮಿ ಮನೆಯ ಸುದ್ದಿ ಹೇಳುವುದನ್ನು ಯಾವತ್ತೋ ಬಿಟ್ಟಿದ್ದರು. "ನಿಮಗೆ ಹೇಳೋದಕ್ಕಿಂತ ಕುಕ್ಕರ್‌ಗೆ ಹೇಳೋದು ವಾಸಿ. ಅದು ಮೂರು ವಿಷಲ್ ಆದಮೇಲಾದ್ರೂ ಸುಮ್ಮನಾಗತ್ತೆ" ಎನ್ನುತ್ತಿದ್ದರು.

ಇಂಥ ನಾಣಿಯವರು ಬಳಗದ ವಾರ್ಷಿಕೋತ್ಸವದಲ್ಲಿ 'ಆಲಿಸುವ ಕಲೆ' ಎಂಬ ವಿಷಯದ ಮೇಲೆ ಒಂದೂಕಾಲು ಗಂಟೆ ಮಾತಾಡಿದರು. ಪ್ರಶ್ನೋತ್ತರಕ್ಕೆ ಸಮಯ ಉಳಿಯದಿದ್ದುದರಿಂದ ಪ್ರಶ್ನೆಗಳನ್ನೂ ತಾವೇ ಕೇಳಿ ತಾವೇ ಉತ್ತರಿಸಿದರು. ಬಳಗದವರು ಚಪ್ಪಾಳೆ ತಟ್ಟಿ, ಸಂದರ್ಭ ಸಿಕ್ಕಿತೆಂದು ಅವರಿಗೊಂದು ಕೆಲಸವನ್ನೂ ಹಚ್ಚಿದರು. ಪರೇಲಿನ ಆಸ್ಪತ್ರೆಯೊಂದಕ್ಕೆ ಉತ್ತರ ಕರ್ನಾಟಕದಿಂದ ರೋಗಿಗಳು ಬರುತ್ತಾರೆ. ಅವರಿಗೆ ಹಿಂದಿ, ಮರಾಠಿ ಅಷ್ಟಕ್ಕಷ್ಟೆ, ಡಾಕ್ಟರುಗಳಿಗೆ ಕನ್ನಡ ಬಾರದು. ನಡುವೆ ನಿಂತು ಮಾತು ದಾಟಿಸಲು ಒಬ್ಬರು ಬೇಕು.

"ನನಗಿಂತ ಯೋಗ್ಯರು ಯಾರಿದ್ದಾರೆ?" ಎಂದು ನಾಣಿಯವರು ಸಂಕೋಚದಿಂದಲೇ ಒಪ್ಪಿಕೊಂಡರು.

ಅಲ್ಲಿ ಅವರ ಪಾಲಿಗೆ ಬಂದವಳು ಭಾಗವ್ವ. ವಿಜಯಪುರದ ಕಡೆಯವಳು. ಮದುವೆಯಾದ ಹೊಸತರಲ್ಲೇ ಗಂಡ ಧರ್ಮಣ್ಣನ ಜೊತೆ ಮುಂಬಯಿಗೆ ಬಂದು, ಕಟ್ಟಡಗಳ ಕೆಲಸದಲ್ಲಿ ಮರಳು ಹೊತ್ತು ಹೊತ್ತು ನಡುವಯಸ್ಸು ದಾಟಿದವಳು. ಈಗ ಹೊಟ್ಟೆಯಲ್ಲಿ ಗಡ್ಡೆ. ತೆಗೆದರೆ ಬದುಕುತ್ತಾಳೆ ಎಂದು ಡಾಕ್ಟರರು ಹೇಳಿದ್ದರು. ಆದರೆ ಆಪರೇಷನ್ನಿನ ದಿನ ಬಂದಾಗ ಭಾಗವ್ವ "ಒಲ್ಲೆ" ಎಂದಿದ್ದಳು. ಎರಡನೆಯ ಸಲ ದಿನ ಕೊಟ್ಟಾಗಲೂ "ಒಲ್ಲೆ" ಎಂದಳು. ಯಾಕೆ ಎಂದರೆ ಗೋಡೆ ನೋಡುತ್ತಿದ್ದಳು.

ಡಾಕ್ಟರ್ ಆರ್ಯ ಚಿಕ್ಕ ವಯಸ್ಸಿನ ಹುಡುಗಿ. ಅಪ್ಪ ಅಮ್ಮ ಬೆಂಗಳೂರಿನವರು, ಇವಳು ಹುಟ್ಟಿ ಬೆಳೆದದ್ದು ಬಾಂದ್ರಾದಲ್ಲಿ. ಅವಳ ಕನ್ನಡ ಮನೆಯ ಅಡುಗೆಕೋಣೆಯ ಹೊಸ್ತಿಲು ದಾಟಿರಲಿಲ್ಲ.

"ಅಂಕಲ್, ಪ್ಲೀಸ್ ಇವರಿಗೆ ಸಮ್ಝಾಯಿಸಿ. ನಾಳೆ ಮಧ್ಯಾಹ್ನ ಆಪರೇಷನ್, ಲಾಸ್ಟ್ ಚಾನ್ಸ್. ಇವ್ರು ನೋ ಬೋಲಿದ್ರೆ ಆ ಡೇಟ್ ಬೇರೆ ಪೇಷೆಂಟ್‌ಗೆ ಹೋಗತ್ತೆ. ಗಡ್ಡೆ ವೇಟ್ ಮಾಡಲ್ಲ, ಅಂಕಲ್."

ನಾಣಿಯವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಆಧುನಿಕ ಶಸ್ತ್ರಚಿಕಿತ್ಸೆ, ಅರಿವಳಿಕೆ, ಮನೋಧೈರ್ಯ ಎಲ್ಲ ಬಂದವು. ಭಾಗವ್ವ ನಡುವೆ ಒಮ್ಮೆ ಬಾಯಿ ತೆರೆದಳು: "ಹಂಗಲ್ರೀ ಸಾಹೇಬ್ರ, ನಾ ಏನ್ ಹೇಳೂದಂದ್ರ..."

"ಗೊತ್ತಾಯ್ತು ಬಿಡಿ. ಹೆದರಿಕೆ. ಸಹಜ! ನನ್ನ ಭಾವಮೈದನಿಗೂ ಹರ್ನಿಯಾ ಆಪರೇಷನ್ ಮಾಡಿದಾಗ..."

ಭಾವಮೈದನ ಹರ್ನಿಯಾ ಮುಗಿಯುವ ಹೊತ್ತಿಗೆ ಭಾಗವ್ವ ಸೆರಗನ್ನು ಮುಖದ ಮೇಲೆ ಎಳೆದುಕೊಂಡಿದ್ದಳು. ಹೊರಗೆ ಧರ್ಮಣ್ಣ ಕೈ ಹಿಸುಕಿಕೊಳ್ಳುತ್ತ ನಿಂತಿದ್ದ. "ನನಗೂ ಹೇಳವಲ್ಲಳ್ರೀ. ನಾ ಹತ್ರ ಹೋದ್ರ ಬಾಯಿನ ಮುಚ್ಚತಾಳ. ಅಕಿ ಹೋದ್ರ ನಾ ಏನ್ ಮಾಡ್ಲಿ?" ಎಂದ. ಈ ಸಲ ನಾಣಿಯವರೇ ಗಡಿಯಾರ ನೋಡಿಕೊಂಡರು. ಹಾಗಾಗುವುದು ಅಪರೂಪ.

ಮನೆಗೆ ಬಂದು ಅವರು ಊಟದೆಲೆಯ ಮುಂದೆ ಎಲ್ಲವನ್ನೂ ಹೇಳಿದರು. ಸುಬ್ಬಲಕ್ಷ್ಮಿ ಸಾರು ಬಡಿಸುತ್ತ ಕೇಳಿದರು: "ಅವಳು ಏನೋ ಹೇಳೋಕೆ ಹೋದ್ಲು ಅಂದ್ರಲ್ಲ, ಏನದು?"

"ಹೆದರಿಕೆ ಅಂತ."

"ಅದು ನೀವು ಹೇಳಿದ್ದು. ಅವಳು ಹೇಳಿದ್ದೇನು?"

ನಾಣಿಯವರ ತುತ್ತು ಎಲೆಗೂ ಬಾಯಿಗೂ ನಡುವೆ ನಿಂತಿತು. ನಿಜವಾಗಿಯೂ ಅವರಿಗೆ ಗೊತ್ತಿರಲಿಲ್ಲ.

ಬೆಳಿಗ್ಗೆ ಹೊರಡುವಾಗ ಸುಬ್ಬಲಕ್ಷ್ಮಿ ಒಂದು ಪುಟ್ಟ ಡಬ್ಬಿ ಕೊಟ್ಟರು. ಉಪ್ಪು ಹಾಕಿ ಒಣಗಿಸಿದ ನೆಲ್ಲಿಕಾಯಿಯ ಚೂರುಗಳು. "ಕಲ್ಲುಸಕ್ಕರೆ ಕೊಡೋಣ ಅಂದ್ರೆ ನಿಮಗೆ ಶುಗರ್ರು. ಅವಳ ಮುಂದೆ ಕೂತ ತಕ್ಷಣ ಒಂದು ಬಾಯಿಗೆ ಹಾಕ್ಕೊಳ್ಳಿ. ಅದು ಕರಗೋ ತನಕ ಮಾತಿಲ್ಲ. ಅಗೀಬಾರದು, ಆಯ್ತಾ? ಅಗಿದ್ರೆ ಲೆಕ್ಕಕ್ಕಿಲ್ಲ."

"ನಾನೇನು ಮಗೂನೇ?"

"ಮಗು ಆಗಿದ್ರೆ ನಿದ್ದೆಯಲ್ಲಾದ್ರೂ ಸುಮ್ಮನಿರ್ತಿದ್ರಿ."

ಸ್ಲೋ ಲೋಕಲ್ ಹಿಡಿದು ಪ್ರಭಾದೇವಿ ಸ್ಟೇಷನ್ನಿನಲ್ಲಿ ಇಳಿದು, ಸೇತುವೆಯ ಜನಪ್ರವಾಹದಲ್ಲಿ ತೇಲಿಕೊಂಡು ನಾಣಿಯವರು ಆಸ್ಪತ್ರೆ ಸೇರಿದಾಗ ವಾರ್ಡಿನಲ್ಲಿ ಭಾಗವ್ವ ಒಬ್ಬಳೇ ಕೂತಿದ್ದಳು. ಧರ್ಮಣ್ಣ ಚಹಾ ತರಲು ಹೋಗಿದ್ದ. ಅವರು ಸ್ಟೂಲು ಎಳೆದುಕೊಂಡು ಕೂತು, ಚೂರೊಂದನ್ನು ನಾಲಿಗೆಯ ಮೇಲಿಟ್ಟು, ಕೈಮುಗಿದರು.

ಭಾಗವ್ವ ಕಾದಳು. ಭಾಷಣ ಬರಲಿಲ್ಲ.

"ಆರಾಮಿಲ್ಲೇನ್ರಿ ಸಾಹೇಬ್ರ?" ಎಂದಳು ಗಾಬರಿಯಾಗಿ.

ನಾಣಿಯವರು ಇಲ್ಲ ಇಲ್ಲ ಎಂದು ತಲೆಯಾಡಿಸಿದರು. ಆ ಮೌನದಲ್ಲಿ ನಾಣಿಯವರು ಮೊದಲ ಸಲ ಆ ವಾರ್ಡಿನ ಫ್ಯಾನಿನ ಸದ್ದು ಕೇಳಿದರು, ದೂರದ ರೈಲಿನ ಸದ್ದು ಕೇಳಿದರು, ಭಾಗವ್ವನ ಕೈ ಅಲುಗಿದಾಗ ಹಸಿರು ಬಳೆಗಳು ಸಣ್ಣಗೆ ಕಿಣಿಗುಟ್ಟಿದ್ದನ್ನೂ ಕೇಳಿದರು. ನಿನ್ನೆ ಅಷ್ಟು ಹೊತ್ತು ಎದುರಿಗಿದ್ದರೂ ಆಕೆ ಬಳೆ ತೊಟ್ಟಿದ್ದಾಳೆ ಎಂಬುದೇ ಅವರ ಗಮನಕ್ಕೆ ಬಂದಿರಲಿಲ್ಲ.

ಪಾಪ ಎನ್ನಿಸಿತೋ ಏನೋ, ಭಾಗವ್ವನೇ ಮಾತು ತೆಗೆದಳು. ಮೊದಲು ಊರಿನ ಎಮ್ಮೆಯ ಸುದ್ದಿ ಬಂತು. ಹೈನುಗಾರಿಕೆಯ ಬಗ್ಗೆ ನಾಣಿಯವರಲ್ಲಿ ಸಿದ್ಧ ಅಭಿಪ್ರಾಯಗಳಿದ್ದವು. ಚೂರನ್ನು ಎಡದವಡೆಗೆ ತಳ್ಳಿ ತಡೆದುಕೊಂಡರು. ಆಮೇಲೆ ಅವಳ ನಾದಿನಿಯ ಜಗಳ ಬಂತು. ತೀರ್ಪು ಬಾಯಿಯ ತುದಿಗೇ ಬಂದಿತ್ತು. ಬಲದವಡೆಗೆ ತಳ್ಳಿದರು. ಹುಳಿ ಒಗರಿಗೆ ಕಣ್ಣಲ್ಲಿ ನೀರು ಬಂತು. ಅದನ್ನು ಕಂಡು ಭಾಗವ್ವ ಇನ್ನಷ್ಟು ಹತ್ತಿರ ಸರಿದು ಕೂತಳು.

"ಬಾಂದ್ರಾದಾಗ ಒಂದ್ ದೊಡ್ಡ ಬಿಲ್ಡಿಂಗ್ ಕಟ್ಟತಿದ್ವಿರಿ. ನಾ ಹೊಸದಾಗಿ ಬಂದಾಕಿ. ಒಂದಿನ ಪರಾಂಚಿ, ಅದ ನಿಂತು ಕೆಲಸ ಮಾಡೂ ಅಟ್ಟ, ಮುರದು ಮ್ಯಾಲಿನ ಗ್ವಾಡಿ ಬಿತ್ತು. ಧೂಳಂದ್ರ ಧೂಳು, ಯಾರ ಮಾರಿ ಯಾರಿಗೂ ಕಾಣವಲ್ದು. ನಮ್ಮ ಮನಿಯವ್ರು ಅಲ್ಲೇ ಕೆಲಸಕ್ಕಿದ್ರು. ಎಲ್ಲಾರೂ 'ಹೋದ್ರು, ಅವರೂ ಹೋದ್ರು' ಅಂದ್ರು."

ಅವಳು ಬಾಗಿಲ ಕಡೆ ನೋಡಿದಳು. ಧರ್ಮಣ್ಣ ಇನ್ನೂ ಬಂದಿರಲಿಲ್ಲ. ದನಿ ತಗ್ಗಿತು.

"ನಮ್ಮ ಕಡೀ ಹೆಣ್ಮಕ್ಕಳು ಅಳಕೋತ ಬಂದು ನನ್ನ ಸುತ್ತ ಕುಂತ್ರು. ಒಬ್ಬಾಕಿ ಕೈಯಾಗ ಕಲ್ಲಿತ್ತರೀ. ಬಳಿ ಒಡ್ಯಾಕ. ಕೈ ಕೊಡ ತಂಗೀ ಅಂದ್ಲು. ನಾ ಕೊಡಲಿಲ್ಲ. ಕಣ್ಣಿಲೆ ನೋಡೂತನಾ ಕೊಡಾಂಗಿಲ್ಲ ಅಂದು ಎರಡೂ ಕೈ ಸೆರಗಿನಾಗ ಸುತಗೊಂಡು ಅದರ ಮ್ಯಾಲೆ ಮಣ್ಣಾಗ ಬೋರಲ ಬಿದ್ದಕೊಂಡೆ. ಎಳದ್ರು, ಬೈದ್ರು, ಹುಚ್ಚಿ ಅಂದ್ರು. ಹೊತ್ತು ಮುಣಗಾಕ ಬಂದಿತ್ತು ನೋಡ್ರಿ, ಅವ್ರು ಸಿಮೆಂಟಿನ ಲಾರಿ ಮ್ಯಾಲಿಂದ ಇಳದು ಬಂದ್ರು! ಮುಕಾದಮ ಮುಂಜಾನೆನ ಅವರ್ನ ಬ್ಯಾರೆ ಕಡೆ ಕಳಿಸಿದ್ನಂತ. ಏನಾತು, ಯಾಕ ಮಣ್ಣಾಗ ಹೊಳ್ಳ್ಯಾಡತೀ ಅಂತ ನನ್ನ ಕೇಳಿದ್ರು."

ಚೂರು ಬಾಯಲ್ಲಿದೆ ಎಂಬುದೇ ನಾಣಿಯವರಿಗೆ ಮರೆತಿತ್ತು.

"ಅವತ್ತ ನಾ ಕೈ ಕೊಟ್ಟಿದ್ರ ಅವ್ರು ತಿರುಗಿ ಬರ್ತಿದ್ದಿಲ್ರೀ. ನನಗ ಗೊತ್ತೈತಿ. ಅವತ್ತಿನಿಂದ ಒಂದ್ ಬಳಿ ಒಡದ್ರ ಅಂದ ಇನ್ನೊಂದ್ ಹಾಕ್ಕೊಂಡೀನಿ, ಕೈ ಎಂದೂ ಬರಿದು ಮಾಡಿಲ್ಲ. ಇಲ್ಲಿ ನೋಡಿದ್ರ, ಬಾಜೂ ಮಂಚದಾಕೀನ ಆಪರೇಷನ್ನಿಗೆ ಒಯ್ಯಾಕ ಮದ್ಲ ಆ ಆಯಾ ಕತ್ತರಿ ಹಿಂಬದಿಯಿಂದ ಟಪ್ ಟಪ್ ಅಂತ ಬಳಿ ಎಲ್ಲಾ ಒಡದ್ಲು. ಮಾತಾಡಕೋತ ಒಡದ್ಲು! ಇದನ್ನ ಗಂಡನ ಮುಂದ ಹೆಂಗ ಹೇಳ್ಲಿ? ಬಾಳೂ ಗಂಡನ ಮುಂದ ಬಳಿ ಒಡ್ಯೂ ಮಾತು ಆಡಬಾರದ್ರಿ. ಸಾಯಾಕ ನನಗೇನ ಅಂಜಿಕಿಲ್ಲ. ಕೈ ತುಂಬ ಇದ್ದು ಸಾಯ್ತೀನಿ."

ಹೆದರಿಕೆ ಎಂದು ಅವರು ಹಣೆಪಟ್ಟಿ ಹಚ್ಚಿದ್ದು ಇವಳಿಗೆ! ಬಾಂದ್ರಾದ ಅಂಥ ಎಷ್ಟು ಕಟ್ಟಡಗಳ ಕೆಳಗೆ ಅವರು ವಿಮೆಯ ಕೆಲಸಕ್ಕೆಂದು ಅಡ್ಡಾಡಿದ್ದರು. ಯಾವುದೋ ಒಂದರ ತಳದ ಮಣ್ಣಿನಲ್ಲಿ ಈ ಹೆಂಗಸು ಇಡೀ ಲೋಕಕ್ಕೆ ಎದುರಾಗಿ, ಬರೀ ಎರಡು ಮುಚ್ಚಿದ ಮುಷ್ಟಿಗಳಿಂದ ಗಂಡನ ಜೀವ ಹಿಡಿದುಕೊಂಡು ಬಿದ್ದಿದ್ದಳು. ಆ ಮಾತು ಇಷ್ಟು ವರ್ಷ ಅವಳೊಳಗಿತ್ತು. ನಿನ್ನೆ ಹೊರಗೆ ಬರಲು ನೋಡಿತ್ತು. ಅದರ ಮುಖಕ್ಕೆ ಅವರು ಭಾವಮೈದನ ಹರ್ನಿಯಾ ಮುಚ್ಚಿದ್ದರು. ಇನ್ನೂ ಎಷ್ಟು ಜನರ ಇಂಥ ಎಷ್ಟು ಮಾತುಗಳನ್ನು "ಗೊತ್ತಾಯ್ತು ಬಿಡಿ" ಎಂದು ಹಿಂದಕ್ಕೆ ಕಳಿಸಿದ್ದೇನೋ ಎಂದು ಲೆಕ್ಕ ಹಾಕಲು ಹೋಗಿ ಕೈಬಿಟ್ಟರು.

ಅವರು ಬಾಯಿ ತೆರೆದಾಗ ಬಂದದ್ದು ಒಂದೇ ಪ್ರಶ್ನೆ. "ಒಡೀದೆ ತೆಗೆದ್ರೆ?"

ಭಾಗವ್ವ ಯೋಚಿಸಿದಳು. "ಬಳಿ ತೊಡಸಾಕಿ ಬಂದ್ರ ತೆಗೀತಾಳ್ರಿ. ನನ್ನ ಕೈ ಮರಳು ಹೊತ್ತು ದಡ್ಡುಗಟ್ಟೈತಿ, ನನಗ ಬರಾಂಗಿಲ್ಲ. ಆದ್ರ ಕೈ ಬರಿದಿರಬಾರದು."

ನಾಣಿಯವರು ಓಡಿದರು. ಈ ವಯಸ್ಸಿನಲ್ಲಿ ಅವರು ಓಡಿದ್ದನ್ನು ಕಂಡು ಚಹಾದ ಲೋಟ ಹಿಡಿದು ಬರುತ್ತಿದ್ದ ಧರ್ಮಣ್ಣ ಬೆಚ್ಚಿ ಗೋಡೆಗೆ ಒರಗಿದ. ಕಾರಿಡಾರಿನಲ್ಲಿ ಸಿಕ್ಕ ಆರ್ಯಳಿಗೆ ಅವರು "ಬಳೆ ಒಡೀಬಾರದು, ಬಳೆಗಾರ್ತಿ ಕರೀತೀನಿ, ಆಮೇಲೆ ಒಪ್ತಾರೆ" ಎಂದರು.

"ಬಸ್, ಇಷ್ಟೇನಾ ಅಂಕಲ್?"

ಇಡೀ ಕಥೆ ನಾಲಿಗೆಯ ಮೇಲೆ ಕುಣಿಯುತ್ತಿತ್ತು. ಅಷ್ಟು ಒಳ್ಳೆಯ ಕಥೆ ಅವರ ಕೈಗೆ ಇದುವರೆಗೆ ಸಿಕ್ಕಿರಲಿಲ್ಲ. ಆದರೆ ಅಷ್ಟರಲ್ಲಿ ಧರ್ಮಣ್ಣ ಹಿಂದೆ ಬಂದು ನಿಂತಿದ್ದ. ನಾಣಿಯವರು ಡಬ್ಬಿ ತೆಗೆದು ಇನ್ನೊಂದು ಚೂರು ಬಾಯಿಗೆ ಹಾಕಿಕೊಂಡು ತಲೆಯಾಡಿಸಿದರು. ಅವರ ಬಾಳಿನ ಅತ್ಯಂತ ಚಿಕ್ಕ ಭಾಷಣ ಅಲ್ಲಿಗೆ ಮುಗಿಯಿತು.

ಪರೇಲಿನ ಪಕ್ಕದ ಲಾಲ್‌ಬಾಗ್ ಮಾರ್ಕೆಟ್ಟಿನಿಂದ ಬಂದ ಬಳೆಗಾರ್ತಿ ರುಕ್ಮಿಣಿಬಾಯಿ ಮರಾಠಿಯವರು, ಅಂಗಡಿ ಬಿಟ್ಟು ಬಂದ ಗೊಣಗಾಟ ಬಾಗಿಲ ತನಕ ಇತ್ತು. ಭಾಗವ್ವನ ಕೈ ಕಂಡದ್ದೇ ಗೊಣಗಾಟ ನಿಂತಿತು. ಎಡಗೈಗೆ ಸೋಪಿನ ನೊರೆ ಹಚ್ಚಿ, ಬೆರಳುಗಳನ್ನು ಮಡಿಸಿ, ಹೆಬ್ಬೆರಳಿನ ಬುಡ ಒತ್ತಿ, ಬಳೆಗಳನ್ನು ಒಂದೊಂದಾಗಿ ಜಾರಿಸಿದರು. ಅಕ್ಕಪಕ್ಕದ ಮಂಚದವರೂ ಮಾತು ನಿಲ್ಲಿಸಿದರು. ಗಾಜಿಗೆ ಗಾಜು ತಾಗುವ ಸದ್ದು ಬಿಟ್ಟರೆ ವಾರ್ಡಿನಲ್ಲಿ ಬೇರೇನೂ ಇರಲಿಲ್ಲ. ಒಂದಾದರೂ ಒಡೆಯಲಿಲ್ಲ. ಎಡಗೈ ಮುಗಿದದ್ದೇ ಭಾಗವ್ವ ಬಲಗೈಯನ್ನು ಸೆರಗಿನೊಳಗೆ ಎಳೆದುಕೊಂಡಳು. "ಇದು ಬರಿದಾಗೂದು ಬ್ಯಾಡ."

ಅಷ್ಟರಲ್ಲಿ ನರ್ಸ್ ಬಂದು, ಆಪರೇಷನ್ನಿಗೆ ಮುಂಚೆ ಕಟ್ಟುವ ಹೆಸರಿನ ಪ್ಲಾಸ್ಟಿಕ್ ಪಟ್ಟಿಯನ್ನು ಅವಳ ಎಡಗೈಗೆ ಕಟ್ಟಿದಳು. ಭಾಗವ್ವ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು.

"ಏನ್ ಬರದಾರ್ರೀ ಸಾಹೇಬ್ರ?"

ನಾಣಿಯವರು ಬಗ್ಗಿ, ಇದ್ದದ್ದನ್ನು ಇದ್ದ ಹಾಗೆ ಓದಿದರು: "ಭಾಗವ್ವ ಧರ್ಮಣ್ಣ ಹಳ್ಳೂರ."

"ಅವರ ಹೆಸರೂ ಐತೇನ್ರಿ ಇದರಾಗ?"

ಇಲ್ಲಿಯ ರೂಢಿಯೇ ಅದು, ಹೆಂಗಸಿನ ಹೆಸರಿನ ನಡುವೆ ಗಂಡನ ಹೆಸರು ಬರುತ್ತದೆ. ಆ ರೂಢಿಯ ಮೂಲ, ಇತಿಹಾಸ, ಸಾಧಕಬಾಧಕ ಎಲ್ಲ ನಾಣಿಯವರಿಗೆ ಗೊತ್ತಿತ್ತು. "ಇದೆ" ಎಂದರು.

"ಒಳಗ ಇದನ್ನ ತೆಗ್ಯಾಂಗಿಲ್ಲಲ್ಲ?"

"ಇಲ್ಲ. ತೆಗೆಯೋ ಹಾಗಿಲ್ಲ."

ಭಾಗವ್ವ ಆ ಪಟ್ಟಿಯನ್ನು ಕಣ್ಣಿಗೊತ್ತಿಕೊಂಡಳು. ಆಮೇಲೆ, ಬಾಂದ್ರಾದ ಆ ಸಂಜೆ ಯಾರಿಗೂ ಕೊಡದಿದ್ದ ಬಲಗೈಯನ್ನು ತಾನಾಗಿಯೇ ರುಕ್ಮಿಣಿಬಾಯಿಯ ಮುಂದೆ ಚಾಚಿದಳು.

ಅವಳನ್ನು ಒಳಗೆ ಒಯ್ದ ಮೇಲೆ ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಧರ್ಮಣ್ಣ ಬೆಂಚಿನ ಮೇಲೆ ಕೂತ. ನಾಣಿಯವರು ಪಕ್ಕದಲ್ಲಿ ಕೂತರು. ಬಹಳ ಹೊತ್ತಿನ ಮೇಲೆ ಅವನು ಗಂಟಿನ ಮೇಲೆ ಕೈಯಾಡಿಸುತ್ತ ಶುರುಮಾಡಿದ: "ಸಾಹೇಬ್ರ, ಭಾಳ ವರ್ಷದ ಮಾತು. ಒಮ್ಮೆ ಲಾರಿ ಮ್ಯಾಲಿಂದ ಇಳದು ಬಂದ್ರ, ಈಕಿ ಮಣ್ಣಾಗ ಬಿದ್ದಿದ್ಲರೀ. ಯಾಕಂತ ಇವತ್ತಿಗೂ ಹೇಳಿಲ್ಲ. ಕಲ್ಲು ಹಿಡದಾಕಿ ಆಮ್ಯಾಲ ನನಗ ಎಲ್ಲಾ ಹೇಳಿದ್ಲು. ನನಗ ಗೊತ್ತೈತಿ ಅನ್ನೂದು ಈಕಿಗೆ ಗೊತ್ತಿಲ್ಲ..."

'ಗೊತ್ತಾಯ್ತು ಬಿಡಿ' ಎಂಬ ಮಾತು ಈ ಸಲವಾದರೂ ನಿಜವಾಗಿತ್ತು. ನಾಣಿಯವರು ಡಬ್ಬಿ ತೆಗೆದರು. ಒಂದು ಚೂರು ತಾವು ಹಾಕಿಕೊಂಡರು, ಧರ್ಮಣ್ಣನ ಕೈಗೂ ಒಂದು ಕೊಟ್ಟು, ಅವನ ಕಡೆ ತಿರುಗಿ ಕೂತರು.

ಅವನ ಮಾತು ಮುಗಿದು ಎಷ್ಟೋ ಹೊತ್ತಾದ ಮೇಲೆ ಆರ್ಯ ಹೊರಗೆ ಬಂದಳು. ಮಾಸ್ಕ್ ಕೆಳಗಿಳಿಸಿ ನಕ್ಕಳು. "ಪೂರಾ ತೆಗೆದ್ವಿ, ಅಂಕಲ್. ಶೀ ಈಸ್ ಫೈನ್. ಏಳ್ತಾ ಇದ್ದ ಹಾಗೆ ಕೈ ಮುಟ್ಟಿ ನೋಡಿಕೊಂಡ್ರು."

ಧರ್ಮಣ್ಣ ಗಂಟು ಎದೆಗವಚಿಕೊಂಡು ಎದ್ದು ನಿಂತ. ನಾಣಿಯವರು ಹೋಗಿ ನಲ್ಲಿಯಿಂದ ಒಂದು ಲೋಟ ನೀರು ಕುಡಿದರು. ನೆಲ್ಲಿಕಾಯಿ ತಿಂದ ಬಾಯಿಗೆ ಆಸ್ಪತ್ರೆಯ ನೀರೂ ಎಳನೀರಿನಂತೆ ಸಿಹಿಯಾಗಿತ್ತು.

ಸಂಜೆ ಮನೆಯಲ್ಲಿ ಸುಬ್ಬಲಕ್ಷ್ಮಿ ಬಾಗಿಲು ತೆರೆದವರೇ "ಏನಾಯ್ತು?" ಎಂದರು.

"ಒಪ್ಪಿದ್ಲು. ಚೆನ್ನಾಗಿದ್ದಾಳೆ. ಉಳಿದದ್ದು ಅವಳ ಮಾತು, ನಾನು ಹೇಳೋ ಹಾಗಿಲ್ಲ." ನಾಣಿಯವರು ಚಪ್ಪಲಿ ಬಿಟ್ಟು ಅಡುಗೆಕೋಣೆಯ ಸ್ಟೂಲಿನ ಮೇಲೆ ಹೋಗಿ ಕೂತರು. "ನೀನು ಹೇಳು. ನಿನ್ನ ಸುದ್ದಿ ಏನು?"

ಸುಬ್ಬಲಕ್ಷ್ಮಿ ಸೌಟು ಕೆಳಗಿಟ್ಟು ಗಂಡನ ಹಣೆ ಮುಟ್ಟಿ ನೋಡಿದರು. ಜ್ವರ ಇರಲಿಲ್ಲ. ಆಮೇಲೆ, ಯಾವುದಕ್ಕೂ ಇರಲಿ ಎಂದು ಕುಕ್ಕರನ್ನು ಒಲೆಯಿಂದ ಇಳಿಸಿ, ಎದುರಿಗೆ ಕೂತು, ಎಲ್ಲಿಂದ ಶುರುಮಾಡುವುದೆಂದು ತಿಳಿಯದೆ ಒಂದು ಕ್ಷಣ ಸುಮ್ಮನಾದರು.

ನಾಣಿಯವರು ಕಾದರು.